ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್

ಇಟಲಿಯ ಟ್ಯೂರಿನ್ ನಗರದಲ್ಲಿದ್ದ ನೆಬಿಯೊಲೊ ಟೈಪ್ ಫೌಂಡ್ರಿ 1962ರಲ್ಲಿ ಬಿಡುಗಡೆ ಮಾಡಿದ ಯೂರೋಸ್ಟೈಲ್ ಎಂಬ ರೋಮನ್ ಅಕ್ಷರ ಕುಟುಂಬದ ದಪ್ಪ ಹಾಗೂ ಅಗಲ ರೂಪ. ವಿನ್ಯಾಸಕ ಆಲ್ಡೊ ನೊವಾರೆಸೆ (1920-1995). ಪುಸ್ತಕದ ಒಳಪುಟಕ್ಕಲ್ಲ, ಶೀರ್ಷಿಕೆ, ಫಲಕ, ಲಾಂಛನ, ಯಂತ್ರದ ಮುಖಪಟ್ಟಿ ಮುಂತಾದ ಕಡೆ ದೊಡ್ಡದಾಗಿ ಕಾಣಲೆಂದು ಮಾಡಿದ ಪ್ರದರ್ಶನ ಫಾಂಟುಗಳ ಸಾಲಿಗೆ ಇದು ಸೇರುತ್ತದೆ. ಇದರ ಹೆಸರು ಗೊತ್ತಿಲ್ಲದವರೂ ಇದನ್ನು ನೋಡಿರುತ್ತಾರೆ. ವೈಜ್ಞಾನಿಕ ಕಾಲ್ಪನಿಕ ಚಲನಚಿತ್ರದಲ್ಲಿ ಬಾಹ್ಯಾಕಾಶ ನೌಕೆಯೊಂದರ ಬಾಗಿಲ ಮೇಲೆ ಚೌಕ ಮುಖದ, ಮೂಲೆ ದುಂಡಾದ, ಮೈಚಾಚಿ ಮಲಗಿದ ಅಕ್ಷರಗಳು ಕಂಡಿದ್ದರೆ ಅವು ಇದೇ ಫಾಂಟಿನವು ಅಥವಾ ಇದರ ಬಳಗದವು ಆಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೂ ಇದು ಭವಿಷ್ಯಕ್ಕಾಗಿ ಬರೆದ ಅಕ್ಷರವಲ್ಲ. 1950ರ ದಶಕದ ಇಟಲಿ ತನ್ನ ವರ್ತಮಾನವನ್ನು ಹೇಗೆ ಕಂಡಿತ್ತೋ ಹಾಗೆ ಬರೆದ ಅಕ್ಷರ. ಭವಿಷ್ಯದ ಪಟ್ಟವನ್ನು ಅದಕ್ಕೆ ಕಟ್ಟಿದವರು ಸಿನಿಮಾದವರು.

ಹುಟ್ಟು

ಯೂರೋಸ್ಟೈಲಿನ ಬೇರು ಮೈಕ್ರೊಗ್ರಾಮಾ ಎಂಬ ಹಿಂದಿನ ಫಾಂಟಿನಲ್ಲಿದೆ. ನೆಬಿಯೊಲೊ ಅದನ್ನು 1952ರಲ್ಲಿ ಹೊರತಂದಿತು. ಅದರ ಮೇಲೆ ಅಲೆಸ್ಸಾಂಡ್ರೊ ಬುಟ್ಟಿ ಮತ್ತು ನೊವಾರೆಸೆ ಇಬ್ಬರ ಹೆಸರೂ ಇದೆ. ಬುಟ್ಟಿ ಆ ಕಾರ್ಖಾನೆಯ ಕಲಾ ವಿಭಾಗದ ಹಿರಿಯ. ಅವರ ಕೈಕೆಳಗೆ ಪಳಗಿದವರು ನೊವಾರೆಸೆ. ಹದಿಹರೆಯ ದಾಟುವ ಮೊದಲೇ ಚಿತ್ರಕಲೆಗೆ ಪದಕ ಗೆದ್ದಿದ್ದ ಇವರು, ಎರಡನೆಯ ಮಹಾಯುದ್ಧವನ್ನು ವಿರೋಧಿಸಿ ಬಂಧನಕ್ಕೂ ಒಳಗಾಗಿದ್ದರು. 1952ರಲ್ಲಿ ಬುಟ್ಟಿಯವರ ಸ್ಥಾನಕ್ಕೆ ನೊವಾರೆಸೆ ಬಂದರು. ಮುಂದಿನ ಎರಡು ದಶಕಕ್ಕೂ ಹೆಚ್ಚು ಕಾಲ ನೆಬಿಯೊಲೊದ ಅಕ್ಷರಗಳೆಂದರೆ ಬಹುಮಟ್ಟಿಗೆ ನೊವಾರೆಸೆಯವರ ಅಕ್ಷರಗಳೇ.

ಮೈಕ್ರೊಗ್ರಾಮಾದಲ್ಲಿ ಇದ್ದದ್ದು ಕ್ಯಾಪಿಟಲ್ ಅಕ್ಷರಗಳು, ಅಂಕಿಗಳು, ಚಿಹ್ನೆಗಳು ಮಾತ್ರ. ಸಣ್ಣ ಅಕ್ಷರಗಳು ಇರಲೇ ಇಲ್ಲ. ಇಂಥ ಅಚ್ಚುಮೊಳೆಗಳನ್ನು ಮುದ್ರಣಾಲಯಗಳು ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್, ಬಿಲ್ ಪುಸ್ತಕ, ಆಮಂತ್ರಣ ಪತ್ರಗಳಿಗೆ ಬಳಸುತ್ತಿದ್ದವು. ಅಮೆರಿಕದಲ್ಲಿ ಮಾರಿಸ್ ಫುಲ್ಲರ್ ಬೆಂಟನ್ 1930ರ ದಶಕದ ಆರಂಭದಲ್ಲಿ ರೂಪಿಸಿದ ಬ್ಯಾಂಕ್ ಗಾಥಿಕ್ ಕೂಡ ಇದೇ ಕೆಲಸದ್ದು. ಅದೂ ಚೌಕಾಕಾರದ್ದು, ಅದೂ ಅಗಲವಾದದ್ದು. ಆದ್ದರಿಂದ ಚೌಕ ಅಕ್ಷರ ಎಂಬ ಕಲ್ಪನೆಯೇ ಟ್ಯೂರಿನ್ನಿನಲ್ಲಿ ಮೊದಲು ಹುಟ್ಟಿತು ಎನ್ನಲಾಗದು. ಬ್ಯಾಂಕ್ ಗಾಥಿಕ್‌ನ ಮೂಲೆಗಳು ಒರಟು. ನೇರ ಗೆರೆ, ಸಣ್ಣದೊಂದು ತಿರುವು, ಮತ್ತೆ ನೇರ ಗೆರೆ. ಮೈಕ್ರೊಗ್ರಾಮಾದಲ್ಲಿ ಆ ತಿರುವು ಇಡೀ ಅಕ್ಷರಕ್ಕೆ ಹರಡಿಕೊಂಡಿತು. ನೊವಾರೆಸೆ ಮತ್ತು ಬುಟ್ಟಿ ಸೇರಿಸಿದ್ದು ಅಷ್ಟೇ, ಆದರೆ ಅಷ್ಟೇ ದೊಡ್ಡದು.

ಹತ್ತು ವರ್ಷಗಳಲ್ಲಿ ಮೈಕ್ರೊಗ್ರಾಮಾ ಚೆನ್ನಾಗಿ ಮಾರಾಟವಾಯಿತು. ಸಣ್ಣ ಅಕ್ಷರಗಳಿಲ್ಲದ ಕೊರತೆ ಮಾತ್ರ ಎಲ್ಲರಿಗೂ ತಾಗುತ್ತಿತ್ತು. ಬುಟ್ಟಿ 1959ರಲ್ಲಿ ತೀರಿಕೊಂಡಿದ್ದರು. ನೊವಾರೆಸೆ ಒಬ್ಬರೇ ಕುಳಿತು ಸಣ್ಣ ಅಕ್ಷರಗಳನ್ನು ಬರೆದರು. ದಪ್ಪ ಇಕ್ಕಟ್ಟು ರೂಪವನ್ನೂ ಕಾಂಪ್ಯಾಕ್ಟ್ ಎಂಬ ಇನ್ನೂ ಕಿರಿದಾದ ರೂಪವನ್ನೂ ಸೇರಿಸಿದರು. ಹಾಗೆ ಬೆಳೆದ ಕುಟುಂಬಕ್ಕೆ 1962ರಲ್ಲಿ ಯೂರೋಸ್ಟೈಲ್ ಎಂದು ಹೆಸರಿಟ್ಟರು. ಈ ಕುಟುಂಬದಲ್ಲಿ ಇಕ್ಕಟ್ಟು, ಸಾಮಾನ್ಯ ರೂಪಗಳೆಲ್ಲ ಇದ್ದರೂ ಜನರ ಕಣ್ಣಲ್ಲಿ ಉಳಿದದ್ದು ಬೋಲ್ಡ್ ಎಕ್ಸ್‌ಟೆಂಡೆಡ್ ಒಂದೇ. ಮೈಕ್ರೊಗ್ರಾಮಾ ಬೋಲ್ಡ್ ಎಕ್ಸ್‌ಟೆಂಡೆಡ್‌ಗೂ ಇದಕ್ಕೂ ಕ್ಯಾಪಿಟಲ್ ಅಕ್ಷರಗಳಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಸಣ್ಣ ಅಕ್ಷರ ಕಂಡರೆ ಯೂರೋಸ್ಟೈಲ್ ಎಂದು ಧೈರ್ಯವಾಗಿ ಹೇಳಬಹುದು. ಬರಿಯ ಕ್ಯಾಪಿಟಲ್ ಇದ್ದರೆ ಪರಿಣತರೂ ಒಂದು ಗಳಿಗೆ ಯೋಚಿಸುತ್ತಾರೆ.

ಪ್ರತಿಯೊಂದು ಕಾಲದ ಅಕ್ಷರವೂ ಆ ಕಾಲದ ಕಟ್ಟಡಗಳ ಆಕಾರವನ್ನು ಹೊತ್ತಿರುತ್ತದೆ ಎಂಬುದು ನೊವಾರೆಸೆಯವರ ನಿಲುವಾಗಿತ್ತು. ರೋಮನ್ನರ ಅರ್ಧವೃತ್ತದ ಕಮಾನು ರೋಮನ್ ಶಾಸನಾಕ್ಷರದಲ್ಲಿ, ಗಾಥಿಕ್ ಚರ್ಚಿನ ಚೂಪು ಕಮಾನು ಗಾಥಿಕ್ ಬರವಣಿಗೆಯಲ್ಲಿ, ಇಪ್ಪತ್ತನೆಯ ಶತಮಾನದ ಗಾಜು-ಕಾಂಕ್ರೀಟಿನ ಆಯತ ತಮ್ಮ ಅಕ್ಷರದಲ್ಲಿ. ವಾದ ಅಂದವಾಗಿದೆ, ಅಷ್ಟೇ ಸರಳವೂ ಹೌದು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಹೆಲ್ವೆಟಿಕಾ, ಫ್ರಾನ್ಸಿನ ಯೂನಿವರ್ಸ್ ಇದೇ ಆಧುನಿಕತೆಯ ಹೆಸರಿನಲ್ಲಿ ಬೇರೆಯೇ ದಾರಿ ಹಿಡಿದಿದ್ದವು. ಈ ಅಕ್ಷರವನ್ನು ಟಿ.ವಿ. ಪರದೆಯ ಆಕಾರಕ್ಕೆ ಹೋಲಿಸುವ ರೂಢಿಯೂ ಇದೆ. ಇಟಲಿಯಲ್ಲಿ ನಿಯಮಿತ ಟಿ.ವಿ. ಪ್ರಸಾರ ಶುರುವಾದದ್ದು 1954ರ ಜನವರಿಯಲ್ಲಿ, ಮೈಕ್ರೊಗ್ರಾಮಾ ಬಂದ ಮೇಲೆ. ಹಾಗಾಗಿ ಪರದೆ ನೋಡಿ ಅಕ್ಷರ ಬರೆದರು ಎನ್ನುವುದಕ್ಕಿಂತ, ಕಾರಿನ ಕಿಟಕಿ, ರೈಲಿನ ಕಿಟಕಿ, ರೇಡಿಯೊ ಪೆಟ್ಟಿಗೆ, ಪರದೆ ಎಲ್ಲವೂ ಒಟ್ಟಿಗೆ ಆ ಆಕಾರದತ್ತ ಸಾಗುತ್ತಿದ್ದವು ಎನ್ನುವುದು ಸರಿ. ಟ್ಯೂರಿನ್ ಫಿಯಟ್ ಕಾರುಗಳ ಊರು ಎಂಬುದನ್ನೂ ಮರೆಯುವಂತಿಲ್ಲ.

ಆಕಾರದ ಲೆಕ್ಕ

ರೇಖಾಗಣಿತವನ್ನು ಆಧಾರವಾಗಿಟ್ಟುಕೊಂಡ ಫಾಂಟುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಪಾಲ್ ರೆನ್ನರ್ 1927ರಲ್ಲಿ ರೂಪಿಸಿದ ಫ್ಯೂಚುರಾ. ಅದರ ಮೂಲ ಆಕಾರ ವೃತ್ತ. ಇಂಗ್ಲಿಷಿನ ಓ ಅಕ್ಷರವನ್ನು ಅಲ್ಲಿ ಕೈವಾರ ಹಿಡಿದು ಬರೆದಂತೆ ಕಾಣುತ್ತದೆ. ವೃತ್ತಕ್ಕೆ ಒಂದು ದೌರ್ಬಲ್ಯವಿದೆ: ಅದನ್ನು ಅಗಲ ಮಾಡುವಂತಿಲ್ಲ. ಅಡ್ಡಕ್ಕೆ ಎಳೆದ ಕೂಡಲೇ ಅದು ಮೊಟ್ಟೆಯಾಕಾರವಾಗಿ, ವೃತ್ತದ ಬಿಗಿ ಹೋಗುತ್ತದೆ. ವೃತ್ತವನ್ನು ನಂಬಿದ ಫಾಂಟುಗಳಲ್ಲಿ ನಿಜವಾದ ಅಗಲ ರೂಪ ಅಪರೂಪವಾಗಿರುವುದು ಇದೇ ಕಾರಣಕ್ಕೆ.

ಯೂರೋಸ್ಟೈಲ್ ಹಿಡಿದದ್ದು ವೃತ್ತವನ್ನೂ ಅಲ್ಲ, ಆಯತವನ್ನೂ ಅಲ್ಲ. ಎರಡರ ನಡುವಿನ ಅತಿದೀರ್ಘವೃತ್ತ ಎಂಬ ಆಕಾರವನ್ನು. ನಾಲ್ಕು ದಿನ ಬಳಸಿ ಮೂಲೆ ಸವೆದ ಸೋಪಿನ ಬಿಲ್ಲೆ ಹೇಗಿರುತ್ತದೋ ಹಾಗೆ. ಗಣಿತದಲ್ಲಿ ಇದು ಫ್ರೆಂಚ್ ಗಣಿತಜ್ಞ ಗೇಬ್ರಿಯಲ್ ಲಾಮೆ 1818ರಲ್ಲಿ ವಿವರಿಸಿದ ವಕ್ರರೇಖೆಗಳ ಗುಂಪಿಗೆ ಸೇರಿದ್ದು. ದೀರ್ಘವೃತ್ತದ ಸಮೀಕರಣದಲ್ಲಿ ಎರಡೂ ಅಳತೆಗಳ ಘಾತ 2 ಇರುತ್ತದೆ. ಆ ಘಾತವನ್ನು 2ಕ್ಕಿಂತ ಮೇಲೇರಿಸುತ್ತ ಹೋದರೆ ಆಕೃತಿಯ ಬದಿಗಳು ಚಪ್ಪಟೆಯಾಗಿ, ಮೂಲೆಗಳು ಹೊರಕ್ಕೆ ಉಬ್ಬುತ್ತವೆ. ಘಾತ ಅನಂತದತ್ತ ಹೋದಂತೆ ಆಕೃತಿ ಆಯತವೇ ಆಗುತ್ತದೆ. ಡೆನ್ಮಾರ್ಕಿನ ಪೀಟ್ ಹೈನ್ 1959ರಲ್ಲಿ ಸ್ಟಾಕ್‌ಹೋಮಿನ ಸೆರ್ಗೆಲ್ ಚೌಕಕ್ಕೆ 2.5ರ ಘಾತವನ್ನು ಆರಿಸಿ ಈ ಆಕಾರವನ್ನು ಜನಪ್ರಿಯಗೊಳಿಸಿದರು. ಅಕ್ಷರ ಬರೆಯುವವರು ಅದಕ್ಕೂ ಮೊದಲೇ ಅಲ್ಲಿಗೆ ತಲುಪಿದ್ದರು. ಹರ್ಮನ್ ಜಾಫ್ ಅವರ ಮೆಲಿಯೊರ್ ಫಾಂಟಿನಲ್ಲೂ ಇದೇ ವಕ್ರತೆ ಇದೆ, ಮೈಕ್ರೊಗ್ರಾಮಾದಂತೆ ಅದೂ 1952ರದೇ. ಸಮೀಕರಣ ಬರೆದು ಮಾಡಿದ್ದಲ್ಲ, ಕಣ್ಣಳತೆಯಲ್ಲಿ ಮಾಡಿದ್ದು.

ಮೂಲೆ ದುಂಡಾದ ಆಯತಕ್ಕೂ ಇದಕ್ಕೂ ವ್ಯತ್ಯಾಸ ಬರಿಗಣ್ಣಿಗೆ ತಟ್ಟನೆ ಕಾಣದಿರಬಹುದು, ಆದರೆ ಕಣ್ಣು ಅದನ್ನು ಗುರುತಿಸಿರುತ್ತದೆ. ದುಂಡು ಮೂಲೆಯ ಆಯತದಲ್ಲಿ ನೇರಗೆರೆ ಒಂದು ಬಿಂದುವಿನಲ್ಲಿ ನಿಂತು, ಅಲ್ಲಿಂದ ವೃತ್ತದ ಕಾಲುಭಾಗ ಶುರುವಾಗುತ್ತದೆ. ಬೆಸುಗೆ ಹಾಕಿದ ಜಾಗ ಒಂದು ಇರುತ್ತದೆ. ಅತಿದೀರ್ಘವೃತ್ತದಲ್ಲಿ ಅಂಥ ಜಾಗವಿಲ್ಲ. ಬದಿಯ ನಡುಭಾಗದಿಂದಲೇ ಗೆರೆ ಬಾಗಲು ಶುರುವಾಗಿ, ಮೂಲೆ ಹತ್ತಿರವಾದಂತೆ ಬಾಗು ಬಿರುಸಾಗಿ, ಮತ್ತೆ ನಿಧಾನವಾಗುತ್ತದೆ. ಮೊಬೈಲ್ ಫೋನಿನ ಆ್ಯಪ್ ಚಿತ್ರಗಳ ಅಂಚುಗಳನ್ನು ಹೀಗೆ ತಿದ್ದುವುದು ಈಗ ವಿನ್ಯಾಸಕಾರರ ನಡುವೆ ಮಾಮೂಲಿ ಮಾತು.

ಈ ಆಕಾರಕ್ಕೆ ಅಗಲವಾಗುವುದು ಸಲೀಸು. ವೃತ್ತ ಹಿಗ್ಗಿದರೆ ಅದರ ಸ್ವಭಾವ ಬದಲಾಗುತ್ತದೆ. ಇದು ಹಿಗ್ಗಿದರೆ ಮೇಲೆ ಕೆಳಗಿನ ಚಪ್ಪಟೆ ಭಾಗ ಉದ್ದವಾಗುತ್ತದೆ, ಮೂಲೆಗಳ ನಡತೆ ಹಾಗೇ ಉಳಿಯುತ್ತದೆ. ಬೋಲ್ಡ್ ಎಕ್ಸ್‌ಟೆಂಡೆಡ್‌ನ ಓ ಅಕ್ಷರ ತನ್ನ ಎತ್ತರಕ್ಕಿಂತ ಹೆಚ್ಚು ಅಗಲವಾಗಿದ್ದೂ ಸೊರಗದೆ, ಅದು ಹುಟ್ಟಿದ್ದೇ ಹೀಗೆ ಎಂಬಂತೆ ಕೂರುತ್ತದೆ. ಈ ಕುಟುಂಬದಲ್ಲಿ ಸಾಮಾನ್ಯ ಅಗಲದ ರೂಪವೇ ಸ್ವಲ್ಪ ಪೇಲವ. ಅಗಲ ಮತ್ತು ದಪ್ಪ ಸೇರಿದಾಗಲೇ ಇದರ ಕಸುವು ಹೊರಬರುವುದು.

ದಪ್ಪ ಗೆರೆಯ ತೊಡಕು

ದಪ್ಪ ಅಕ್ಷರ ಬರೆಯುವವರಿಗೆ ಸವಾಲು ಶಾಯಿಯದಲ್ಲ, ಬಿಳಿ ಜಾಗದ್ದು. ಗೆರೆ ದಪ್ಪವಾದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಕರಗುತ್ತದೆ, ಅದು ಹೋದರೆ ಅಕ್ಷರ ಬರಿಯ ಕಪ್ಪು ಮುದ್ದೆ. ಇಂಗ್ಲಿಷಿನ ಇ ಅಕ್ಷರವನ್ನು ನೋಡಿ. ಮೂರು ಅಡ್ಡಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ; ಐದೂ ಒಂದೇ ಎತ್ತರದೊಳಗೆ ಹಿಡಿಯಬೇಕು. ಆ ಎತ್ತರ ಹೆಚ್ಚುವುದಿಲ್ಲ. ಆದ್ದರಿಂದ ವಿನ್ಯಾಸಕ ನಿಂತ ಗೆರೆಗಳನ್ನು ದಪ್ಪಗೊಳಿಸಿ, ಅಡ್ಡ ಗೆರೆಗಳನ್ನು ಅದಕ್ಕಿಂತ ತೆಳ್ಳಗೆ ಇಡುತ್ತಾನೆ. ನೋಡುವವರಿಗೆ ಎರಡೂ ಒಂದೇ ದಪ್ಪ ಎನಿಸುತ್ತದೆ, ಏಕೆಂದರೆ ಒಂದೇ ಅಳತೆಯ ಗೆರೆ ಅಡ್ಡ ಮಲಗಿದಾಗ ಹೆಚ್ಚು ದಪ್ಪವಾಗಿ ಕಾಣುವುದು ಕಣ್ಣಿನ ಸ್ವಭಾವ. ರೇಖಾಗಣಿತದ ಫಾಂಟ್ ಎಂದು ಕರೆಸಿಕೊಳ್ಳುವ ಇವೆಲ್ಲ ಹೀಗೆ ಅಲ್ಲಲ್ಲಿ ಗಣಿತಕ್ಕೆ ಸುಳ್ಳು ಹೇಳಿಯೇ ಗಣಿತದಂತೆ ಕಾಣುವುದು.

ಅಗಲ ಅಕ್ಷರದಲ್ಲಿ ಹೊಟ್ಟೆಯ ಬಿಳಿ ಅಡ್ಡಕ್ಕೆ ಹರಡುವುದರಿಂದ ಎತ್ತರ ಕಡಿಮೆಯಿದ್ದರೂ ಅಕ್ಷರ ಮುಚ್ಚಿಕೊಳ್ಳುವುದಿಲ್ಲ. ಇದೇ ಕಾರಣಕ್ಕೆ ಮೈಕ್ರೊಗ್ರಾಮಾ ಬಹಳ ಸಣ್ಣ ಅಳತೆಯಲ್ಲೂ ಓದಿಸಿಕೊಂಡಿತು. ಸ್ವಿಚ್ಚಿನ ಕೆಳಗಿನ ಪಟ್ಟಿ, ಮೀಟರಿನ ಮುಖ, ಉಪಕರಣದ ಗುಂಡಿಗಳ ಪಕ್ಕ ಎರಡು ಮಿಲಿಮೀಟರ್ ಎತ್ತರದಲ್ಲಿ ಒಂದು ಪದ ಬರೆಯಬೇಕಾದಾಗ ಅಗಲ ಕ್ಯಾಪಿಟಲ್ ಅಕ್ಷರಗಳೇ ಅನುಕೂಲ. ಲೋಹದ ಹಲಗೆಯಲ್ಲಿ ತಿರುಗುವ ಚೂಪಿನಿಂದ ಅಕ್ಷರ ಕೆತ್ತುವ ಯಂತ್ರ ಮೂಲೆಗಳನ್ನು ತಾನಾಗಿಯೇ ದುಂಡಗೆ ಬಿಡುತ್ತದೆ, ಹಾಗಾಗಿ ಯಂತ್ರದ ಮೇಲಿನ ಅಕ್ಷರಗಳಿಗೂ ಈ ಫಾಂಟಿಗೂ ಮೊದಲಿನಿಂದ ಹೋಲಿಕೆ ಇತ್ತು.

ದೋಷಗಳೂ ಇವೆ. ಎಲ್ಲ ಅಕ್ಷರಗಳೂ ಒಂದೇ ಚೌಕದಿಂದ ಹೊರಟಾಗ ಅವು ಪರಸ್ಪರ ಹೋಲತೊಡಗುತ್ತವೆ. ಓ ಮತ್ತು ಡಿ ಅಕ್ಷರಗಳ ನಡುವಿನ ವ್ಯತ್ಯಾಸ ಎಡಗಡೆಯ ಎರಡು ಮೂಲೆ ಚೂಪೋ ದುಂಡೋ ಎಂಬುದಷ್ಟೇ. ಎಸ್ ಮತ್ತು 5, ಬಿ ಮತ್ತು 8, ಓ ಮತ್ತು ಸೊನ್ನೆ ದೂರದಿಂದ ಅಥವಾ ಮಂದ ಬೆಳಕಿನಲ್ಲಿ ಕಣ್ಣಿಗೆ ಮೋಸ ಮಾಡುತ್ತವೆ. ಸಂಖ್ಯೆ ಮತ್ತು ಅಕ್ಷರ ಬೆರೆತ ಸಂಕೇತಗಳಿಗೆ ಇದನ್ನು ಬಳಸುವುದು ಜಾಣತನವಲ್ಲ. ನೌಕೆಗಳ ನೋಂದಣಿ ಸಂಖ್ಯೆಗೆ ಇದನ್ನು ಬಳಸುವ ಸಿನಿಮಾದವರಿಗೆ ಆ ಚಿಂತೆಯಿಲ್ಲ. ಅಕ್ಷರಗಳ ನಡುವಿನ ಅಂತರ ಇನ್ನೊಂದು ತಲೆನೋವು. ಓ, ಡಿ, ಎಚ್, ಎನ್ ಮುಂತಾದ ನೇರ ಬದಿಯ ಅಕ್ಷರಗಳು ಇಟ್ಟಿಗೆ ಸಾಲಿನಂತೆ ಹೊಂದಿಕೊಳ್ಳುತ್ತವೆ. ಎಲ್, ಟಿ, ಎ, ವಿ ಬಂದ ಕಡೆ ಮಾತ್ರ ದೊಡ್ಡ ಬಿಳಿ ಗುಂಡಿ ಬೀಳುತ್ತದೆ. ಅಕ್ಷರ ಅಗಲವಾದಷ್ಟೂ ಗುಂಡಿ ದೊಡ್ಡದು. ಕಂಪ್ಯೂಟರಿನಲ್ಲಿ ಆ ಜೋಡಿಗಳ ನಡುವಿನ ಅಂತರವನ್ನು ಕೈಯಾರೆ ತಗ್ಗಿಸದೆ ಬಿಟ್ಟ ಫಲಕ ಯಾವತ್ತೂ ಅವಸರದ್ದು ಎಂದು ಗೊತ್ತಾಗಿಬಿಡುತ್ತದೆ.

ಇನ್ನು ಜಾಗದ ಖರ್ಚು. ಪತ್ರಿಕೆಯ ಒಂದು ಅಂಕಣದಲ್ಲಿ ಇಕ್ಕಟ್ಟು ಅಕ್ಷರ ಹಾಕಿ ಎರಡು ಪದ ಕೂರಿಸುವ ಕಡೆ ಇದರಲ್ಲಿ ಒಂದೂ ಕೂರದು. ಅಚ್ಚುಮೊಳೆಯ ಕಾಲದಲ್ಲಿ ಅಗಲ ಅಕ್ಷರಕ್ಕೆ ಸೀಸವೂ ಹೆಚ್ಚು ಬೇಕಿತ್ತು. ದಿನಪತ್ರಿಕೆಗಳು ಇದರ ಗೊಡವೆಗೆ ಹೋಗದೆ, ಕಂಪನಿಗಳ ಲಾಂಛನದವರು ಇದನ್ನು ಅಪ್ಪಿಕೊಂಡದ್ದು ಸಹಜ. ಲಾಂಛನವೆಂದರೆ ಒಂದೇ ಪದ. ಹೆಸರು ಚಿಕ್ಕದಿದ್ದಷ್ಟೂ ಅದನ್ನು ಅಗಲ ಮಾಡಿ ತೂಕ ಕೊಡಬೇಕೆನಿಸುತ್ತದೆ. ನಮ್ಮಲ್ಲಿ ಕ್ಯಾಲ್ಕುಲೇಟರು, ಕೈಗಡಿಯಾರಗಳ ಮೇಲೆ ಮನೆಮನೆಗೂ ಬಂದ ಕ್ಯಾಸಿಯೊ ಹೆಸರಿನ ಅಕ್ಷರಗಳು ಈ ಜಾಯಮಾನದವೇ: ಅಗಲ, ದಪ್ಪ, ಕೊನೆಯ ಓ ಒಂದು ದುಂಡು ಮೂಲೆಯ ಆಯತ.

ತೆರೆಯ ಮೇಲೆ

ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' 1968ರ ಏಪ್ರಿಲ್‌ನಲ್ಲಿ ತೆರೆಕಂಡಿತು. ಚಿತ್ರದ ಆರಂಭದ ಹೆಸರುಗಳು ಗಿಲ್ ಸ್ಯಾನ್ಸ್ ಎಂಬ ಹಳೆಯ ಬ್ರಿಟಿಷ್ ಫಾಂಟಿನಲ್ಲಿವೆ. ಕಥೆ ಬಾಹ್ಯಾಕಾಶಕ್ಕೆ ಹೋದ ಮೇಲೆ ಪರದೆ, ಫಲಕಗಳಲ್ಲಿ ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್ ಕಾಣಿಸಿಕೊಳ್ಳುತ್ತದೆ. ಚಿತ್ರ ಬಂದಾಗ ಈ ಫಾಂಟಿಗೆ ಆರೇ ವರ್ಷ. ಅಂದರೆ ಮೂವತ್ತಮೂರು ವರ್ಷಗಳಾಚೆಯ ಲೋಕವನ್ನು ತೋರಿಸಲು ಕಲಾವಿದರು ಆಗಿನ ಹೊಸ ಅಕ್ಷರವನ್ನೇ ಎತ್ತಿಕೊಂಡರು. ಅದೇ ಚಿತ್ರದಲ್ಲಿ ಪ್ರಯಾಣಿಕರನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯುವ ನೌಕೆ ಪ್ಯಾನ್ ಆ್ಯಮ್ ವಿಮಾನ ಕಂಪನಿಯದು. ಆ ಕಂಪನಿ 1991ರಲ್ಲಿ ಮುಚ್ಚಿಹೋಯಿತು, ಅಕ್ಷರ ಉಳಿಯಿತು.

ಆ ಚಿತ್ರದ ಪ್ರಭಾವ ಎಷ್ಟಿತ್ತೆಂದರೆ ಬಾಹ್ಯಾಕಾಶದ ಕಥೆ ಹೇಳುವವರಿಗೆ ಈ ಅಕ್ಷರ ಒಂದು ಒಪ್ಪಂದದಂತಾಯಿತು. ಫ್ರಾಂಜ್ ಜೋಸೆಫ್ 1975ರಲ್ಲಿ ಪ್ರಕಟಿಸಿದ ಸ್ಟಾರ್ ಟ್ರೆಕ್ ಲೋಕದ ತಾಂತ್ರಿಕ ಕೈಪಿಡಿ ಮೈಕ್ರೊಗ್ರಾಮಾವನ್ನು ಆ ಲೋಕದ ಅಕ್ಷರವಾಗಿ ಅಭಿಮಾನಿಗಳ ಮನಸ್ಸಿನಲ್ಲಿ ನಿಲ್ಲಿಸಿತು. ಡಂಕನ್ ಜೋನ್ಸ್ ಅವರ 'ಮೂನ್' (2009) ಚಿತ್ರದ ಚಂದ್ರನ ಗಣಿಗಾರಿಕೆಯ ನೆಲೆಯಲ್ಲೂ ಇದೇ ಬಳಗದ ಅಕ್ಷರಗಳಿವೆ. ಅದು ಕ್ಯೂಬ್ರಿಕ್‌ಗೆ ತಿಳಿದೇ ಮಾಡಿದ ನಮಸ್ಕಾರ. ಡೇವ್ ಆ್ಯಡಿ ಎಂಬ ಲೇಖಕ ವೈಜ್ಞಾನಿಕ ಚಿತ್ರಗಳಲ್ಲಿನ ಅಕ್ಷರಗಳನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿ 'ಟೈಪ್‌ಸೆಟ್ ಇನ್ ದ ಫ್ಯೂಚರ್' ಎಂಬ ಪುಸ್ತಕವನ್ನೇ 2018ರಲ್ಲಿ ತಂದರು. ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್ ಕಂಡರೆ ಕಥೆ ಭವಿಷ್ಯದಲ್ಲಿ ನಡೆಯುತ್ತಿದೆ ಎಂದು ತಿಳಿಯಿರಿ ಎನ್ನುವುದು ಅವರ ತಮಾಷೆ, ಬಹುಪಾಲು ನಿಜವೂ ಹೌದು.

ಇಷ್ಟಕ್ಕೂ ಪ್ರೇಕ್ಷಕನಿಗೆ ಇದರಲ್ಲಿ ಭವಿಷ್ಯ ಕಾಣುವುದೇಕೆ? ಕೈಬರಹದ ಗುರುತು ಇದರಲ್ಲಿ ಎಲ್ಲೂ ಇಲ್ಲ ಎಂಬುದು ಒಂದು ಕಾರಣ. ಲೇಖನಿಯ ಓರೆ, ಕುಂಚದ ಎಳೆತ, ಉಳಿಯ ತುದಿ ಯಾವುದೂ ಇಲ್ಲದ ಅಕ್ಷರವನ್ನು ಮನುಷ್ಯ ಬರೆದದ್ದಲ್ಲ, ಯಂತ್ರ ಉತ್ಪಾದಿಸಿದ್ದು ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಚಿತ್ರಮಂದಿರದ ಅಗಲ ಪರದೆಯೂ ಅಡ್ಡಕ್ಕೆ ಚಾಚಿದ್ದೇ, ನೌಕೆಯ ಕಿಟಕಿಯೂ ಅಡ್ಡಕ್ಕೆ ಚಾಚಿದ್ದೇ. ಅಕ್ಷರವೂ ಅದೇ ಮಟ್ಟದಲ್ಲಿ ಮಲಗುತ್ತದೆ. ಉಳಿದದ್ದೆಲ್ಲ ಅಭ್ಯಾಸಬಲ. ಐವತ್ತು ವರ್ಷ ಒಂದೇ ವೇಷ ಹಾಕಿದ ನಟನನ್ನು ಬೇರೆ ಪಾತ್ರದಲ್ಲಿ ನೋಡಲು ಜನ ಒಪ್ಪುವುದಿಲ್ಲ. ಈಗ ಈ ಫಾಂಟಿಗೆ ಎರಡು ವಿರುದ್ಧ ಬಳಕೆಗಳಿವೆ: ಮುಂದಿನ ಶತಮಾನವನ್ನು ತೋರಿಸಲು ಒಬ್ಬರು, 1960ರ ದಶಕದ ನೆನಪು ತರಿಸಲು ಇನ್ನೊಬ್ಬರು ಇದನ್ನೇ ಹಿಡಿಯುತ್ತಾರೆ.

ಸೀಸದಿಂದ ಕಂಪ್ಯೂಟರಿಗೆ

ನೆಬಿಯೊಲೊ 1970ರ ದಶಕದ ಕೊನೆಗೆ ಅಕ್ಷರದ ವ್ಯಾಪಾರ ನಿಲ್ಲಿಸಿತು. ನೊವಾರೆಸೆ ಆಮೇಲೂ ಸ್ವತಂತ್ರವಾಗಿ ಕೆಲಸ ಮಾಡಿದರು. ಅವರದೇ ಹೆಸರಿನ ನೊವಾರೆಸೆ ಫಾಂಟ್ ಆ ಅವಧಿಯದು. ಯೂರೋಸ್ಟೈಲ್ ಮಾತ್ರ ಸೀಸದಿಂದ ಫೋಟೊ ಜೋಡಣೆಗೆ, ಅಲ್ಲಿಂದ ಕಂಪ್ಯೂಟರಿಗೆ ಕೈಯಿಂದ ಕೈಗೆ ದಾಟಿತು. ದಾಟುವಾಗ ಕಳೆದುಕೊಂಡದ್ದೂ ಉಂಟು. ಅತಿದೀರ್ಘವೃತ್ತದ ಆ ನಯವಾದ ಬಾಗನ್ನು ಹಿಡಿಯಲು ಹೋಗದ ಮೊದಮೊದಲ ಡಿಜಿಟಲ್ ಪ್ರತಿಗಳಲ್ಲಿ ಬದಿಗಳು ಗೆರೆ ಹೊಡೆದಂತೆ ನೇರವಾದವು. ಅಕ್ಷರ ತನ್ನ ಹಿಂದಿನ ಬ್ಯಾಂಕ್ ಗಾಥಿಕ್‌ನ ಒರಟುತನಕ್ಕೆ ಮರಳಿದಂತಾಯಿತು. ಲಿನೊಟೈಪ್ ಸಂಸ್ಥೆಯ ಅಕಿರಾ ಕೊಬಯಾಶಿ 2008ರಲ್ಲಿ ಯೂರೋಸ್ಟೈಲ್ ನೆಕ್ಸ್ಟ್ ಎಂಬ ಹೊಸ ಆವೃತ್ತಿ ಮಾಡಿ ಸೀಸದ ಮೂಲದಲ್ಲಿದ್ದ ಬಾಗನ್ನು ವಾಪಸ್ ತಂದರು. ಹಳೆಯ ಪ್ರತಿಯನ್ನೂ ಇದನ್ನೂ ದೊಡ್ಡದು ಮಾಡಿ ಒಂದರ ಪಕ್ಕ ಒಂದು ಇಟ್ಟರೆ ಓ ಅಕ್ಷರದ ಬದಿಯಲ್ಲಿ ಕೂದಲೆಳೆಯಷ್ಟು ಉಬ್ಬು ಕಾಣುತ್ತದೆ. ಇಡೀ ಫಾಂಟಿನ ಗುಣ ನಿಂತಿರುವುದು ಆ ಉಬ್ಬಿನ ಮೇಲೆ.

ಅಮೆರಿಕದ ಕಾನೂನು ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯ ಕೊಡುವುದಿಲ್ಲ. ರಕ್ಷಣೆ ಇರುವುದು ಹೆಚ್ಚಾಗಿ ಹೆಸರಿಗೆ ಮತ್ತು ಫಾಂಟಿನ ತಂತ್ರಾಂಶಕ್ಕೆ. ಹಾಗಾಗಿ ಬೇರೆ ಹೆಸರಿನ ತದ್ರೂಪುಗಳು ಹುಟ್ಟಿಕೊಂಡವು. ಬಿಟ್‌ಸ್ಟ್ರೀಮ್ ಕಂಪನಿ ಇದನ್ನು ಸ್ಕ್ವೇರ್ 721 ಎಂದು ಕರೆಯಿತು. ಕೋರೆಲ್‌ಡ್ರಾ ತಂತ್ರಾಂಶದ ಜೊತೆ ಬರುತ್ತಿದ್ದ ಫಾಂಟುಗಳಲ್ಲಿ ಬಿಟ್‌ಸ್ಟ್ರೀಮಿನವು ಬಹಳ. ಆದ್ದರಿಂದ ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿ, ಫ್ಲೆಕ್ಸ್ ಅಂಗಡಿಗಳಲ್ಲಿ ಯೂರೋಸ್ಟೈಲಿನ ಪರಿಚಯ ಆದದ್ದು ಹೆಚ್ಚಾಗಿ ಸ್ಕ್ವೇರ್ 721 ಎಂಬ ಹೆಸರಿನಿಂದಲೇ ಇರಬೇಕು. ಉಚಿತ ಫಾಂಟುಗಳಲ್ಲಿ ವೆರ್ನನ್ ಆ್ಯಡಮ್ಸ್ ಅವರ ಮಿಕ್ರೋಮಾ ಈ ಪರಂಪರೆಯನ್ನು ನೇರವಾಗಿ ಮುಂದುವರಿಸಿದರೆ, ಮ್ಯಾಟ್ ಮ್ಯಾಕಿನರ್ನಿ ಅವರ ಆರ್ಬಿಟ್ರಾನ್ ಬಾಹ್ಯಾಕಾಶದ ವೇಷವನ್ನಷ್ಟೇ ತೆಗೆದುಕೊಂಡಿತು. ಅದು ತನ್ನ ಭವಿಷ್ಯತನವನ್ನು ಒತ್ತಿ ಒತ್ತಿ ಹೇಳುತ್ತದೆ. ನೊವಾರೆಸೆಯವರ ಅಕ್ಷರಕ್ಕೆ ಆ ಅಗತ್ಯ ಬೀಳಲಿಲ್ಲ.

ಕನ್ನಡದ ಜೊತೆಗೆ

ಕರ್ನಾಟಕದಲ್ಲಿ ಅಗಲವಾದ ದಪ್ಪ ಇಂಗ್ಲಿಷ್ ಲಾಂಛನದ ಪಕ್ಕ ಕನ್ನಡ ಬರೆಯುವ ಪ್ರಶ್ನೆ ಬರಿಯ ಸೌಂದರ್ಯದ್ದಲ್ಲ, ಈಗ ಕಾನೂನಿನದೂ ಹೌದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿ, ಉದ್ದಿಮೆಗಳ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು. ಇಂಗ್ಲಿಷ್ ಹೆಸರು ಕಂಪನಿಯ ವಿನ್ಯಾಸಕಾರರು ಅಳೆದು ತೂಗಿ ಮಾಡಿದ್ದಾಗಿರುತ್ತದೆ. ಕನ್ನಡದ ಹೆಸರು ಫಲಕ ಅಂಗಡಿಯಲ್ಲಿ ಸಂಜೆಯೊಳಗೆ ಆಗಬೇಕಾಗಿರುತ್ತದೆ. ಅಲ್ಲಿ ನಡೆಯುವುದು ಸಾಮಾನ್ಯವಾಗಿ ಇಷ್ಟು: ಕೈಗೆ ಸಿಕ್ಕ ಕನ್ನಡ ಫಾಂಟನ್ನು ಮೌಸಿನಲ್ಲಿ ಹಿಡಿದು ಇಂಗ್ಲಿಷಿನ ಅಗಲಕ್ಕೆ ಎಳೆಯುವುದು.

ಹಾಗೆ ಎಳೆದರೆ ಏನಾಗುತ್ತದೆ ಎಂಬುದು ಸರಳ ಲೆಕ್ಕ. 10 ಮಿಲಿಮೀಟರ್ ದಪ್ಪದ ಗೆರೆಯ ಅಕ್ಷರವನ್ನು ಒಂದೂವರೆ ಪಟ್ಟು ಅಗಲ ಮಾಡಿದರೆ ನಿಂತ ಗೆರೆ 15 ಮಿಲಿಮೀಟರ್ ಆಗುತ್ತದೆ, ಮಲಗಿದ ಗೆರೆ 10ರಲ್ಲೇ ಉಳಿಯುತ್ತದೆ. ಕನ್ನಡದ ಅಕ್ಷರಗಳಲ್ಲಿ ನೇರವಾಗಿ ನಿಂತ ಗೆರೆಯೇ ಕಡಿಮೆ, ಇರುವುದೆಲ್ಲ ಬಳುಕು. ಒಂದೇ ಬಳುಕಿನಲ್ಲಿ ಗೆರೆ ಒಮ್ಮೆ ಊದಿಕೊಂಡು ಒಮ್ಮೆ ಸೊರಗುತ್ತದೆ. ತಲಕಟ್ಟು ತೆಳ್ಳಗೆ ಕಾಣುತ್ತದೆ, ಹೊಟ್ಟೆ ದಪ್ಪಗಾಗುತ್ತದೆ. ಯೂರೋಸ್ಟೈಲನ್ನು ಅಗಲ ರೂಪದಲ್ಲೇ ಬರೆದದ್ದು, ಎಳೆದು ಮಾಡಿದ್ದಲ್ಲ ಎಂಬ ಮಾತಿನ ಬೆಲೆ ಗೊತ್ತಾಗುವುದು ಇಂಥ ಕಡೆ.

ಗೆರೆ ದಪ್ಪ ಮಾಡುವುದೂ ಕನ್ನಡದಲ್ಲಿ ಬೇರೆಯೇ ಕಷ್ಟ. ರ ಮತ್ತು ಠ ಅಕ್ಷರಗಳ ನಡುವೆ ವ್ಯತ್ಯಾಸ ಒಳಗಿನ ಚುಕ್ಕೆ. ದ, ಧ, ಥ ಮೂರನ್ನು ಬೇರೆ ಮಾಡುವುದು ಬುಡದ ಸೀಳು ಮತ್ತು ಹೊಟ್ಟೆಯ ಚುಕ್ಕೆ. ಪ ಅಕ್ಷರದ ಒಳಗೊಂದು ಗೆರೆ ಬಂದರೆ ಷ. ದಪ್ಪ ಗೆರೆಯ ಅಕ್ಷರದಲ್ಲಿ ಮೊದಲು ಮುಚ್ಚಿಹೋಗುವುದು ಇವೇ ಜಾಗಗಳು, ಅರ್ಥ ನಿಂತಿರುವುದೂ ಇವೇ ಜಾಗಗಳ ಮೇಲೆ. ಇದರ ಜೊತೆಗೆ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ. ಕ್ಯಾಪಿಟಲ್ ಅಕ್ಷರಗಳ ಲಾಂಛನಕ್ಕೆ ಮೇಲೆ ಕೆಳಗೆ ಎರಡು ನೇರ ಗಡಿಗಳಿರುತ್ತವೆ. ‘ಎಲೆಕ್ಟ್ರಾನಿಕ್ಸ್’ ಎಂದು ಕನ್ನಡದಲ್ಲಿ ಬರೆದರೆ ಆ ಕೆಳಗಡಿ ಉಳಿಯುವುದಿಲ್ಲ. ಉಳಿಸಲೇಬೇಕೆಂದು ಒತ್ತುಗಳನ್ನು ಕುಗ್ಗಿಸಿದರೆ ಅವು ಓದಲಾಗದ ಚುಕ್ಕೆಗಳಾಗುತ್ತವೆ. ಕನ್ನಡವನ್ನು ಇಂಗ್ಲಿಷಿನ ಚೌಕದೊಳಗೆ ತುರುಕುವುದಕ್ಕಿಂತ ಗೆರೆಯ ದಪ್ಪ, ಬಾಗಿನ ಬಿಗಿ, ಮೂಲೆಯ ದುಂಡು ಇಷ್ಟನ್ನು ಮಾತ್ರ ಎರಡಕ್ಕೂ ಸಮಾನ ಮಾಡಿ, ಎತ್ತರವನ್ನು ಕನ್ನಡಕ್ಕೆ ಬೇಕಾದಷ್ಟು ಬಿಡುವುದು ಮೇಲು. ದುಂಡು ಅಕ್ಷರದ ಮೂಲೆಗಳನ್ನು ಒಂದಿಷ್ಟು ಚೌಕದ ಕಡೆಗೆ ಒಯ್ಯಲು ಕನ್ನಡ ಲಿಪಿ ಅಡ್ಡಿ ಮಾಡುವುದಿಲ್ಲ. ಸಿನಿಮಾ ಶೀರ್ಷಿಕೆ, ಗೋಡೆ ಜಾಹೀರಾತು ಬರೆಯುತ್ತಿದ್ದ ಕಲಾವಿದರು ಕುಂಚದಲ್ಲೇ ಅದನ್ನು ಮಾಡುತ್ತಿದ್ದರು.

ಈ ಕೆಲಸಕ್ಕೆ ಈಗ ಎಳೆಯದೆಯೇ ಸಿಗುವ ಅಗಲ ಕನ್ನಡ ಫಾಂಟು ಇದೆ. ಮುಂಬೈನ ಏಕ್ ಟೈಪ್ ಸಂಸ್ಥೆ ಭಾರತದ ಹಲವು ಲಿಪಿಗಳಿಗಾಗಿ ರೂಪಿಸಿ 2022ರಲ್ಲಿ ಗೂಗಲ್ ಫಾಂಟ್ಸ್ ಮೂಲಕ ಬಿಡುಗಡೆಯಾದ ಅನೇಕ್ ಸರಣಿಯಲ್ಲಿ ಅನೇಕ್ ಕನ್ನಡ ಸೇರಿದೆ. ಅದರ ದಪ್ಪವನ್ನು 100ರಿಂದ 800ರವರೆಗೆ, ಅಗಲವನ್ನು ಸಾಮಾನ್ಯ 100ಕ್ಕೆ ಹೋಲಿಸಿ 75ರಿಂದ 125ರವರೆಗೆ ಬೇಕಾದ ಕಡೆ ನಿಲ್ಲಿಸಬಹುದು, ಮತ್ತು ಪ್ರತಿ ಹಂತದಲ್ಲೂ ಗೆರೆಯ ಹದ ಕೆಡದಂತೆ ಅಕ್ಷರವನ್ನು ವಿನ್ಯಾಸಕಾರರೇ ಸರಿತೂಗಿಸಿದ್ದಾರೆ. ಅದು ಯೂರೋಸ್ಟೈಲಿನ ಕನ್ನಡ ರೂಪವಲ್ಲ, ಚೌಕದ ಹಟವೂ ಅದಕ್ಕಿಲ್ಲ. ಆದರೆ ಅಗಲ ಇಂಗ್ಲಿಷ್ ಹೆಸರಿನ ಪಕ್ಕ ಕನ್ನಡದ ಹೆಸರನ್ನು ಮೌಸಿನಿಂದ ಹಿಗ್ಗಿಸಿ ಕೂರಿಸುವವರಿಗೆ ಇನ್ನು ನೆಪ ಉಳಿದಿಲ್ಲ: ಫಾಂಟು ಉಚಿತ, ವಾಣಿಜ್ಯ ಬಳಕೆಗೂ ಮುಕ್ತ.